ಅಡಿಕೆ ರೇಟು ಮಾತಾಡಿದರೆ ದಂಡ ಹಾಕುವ ಹೋಟೆಲು

ಕಾಸರಗೋಡು ಕಡೆಯ ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಬದಿಯಡ್ಕ ದಾಟಿ ಪೆರ್ಲದ ಕಡೆ ಹೋಗುವಾಗ ಹಂಚಿನ ಮಾಡಿನ ಒಂದು ಸಣ್ಣ ಹೋಟೆಲು ಸಿಗುತ್ತದೆ. ಹೆಸರು ಕೇಳಬೇಡಿ, ಬೋರ್ಡಿನಲ್ಲಿ ಕನ್ನಡವೂ ಮಾಸಿದೆ, ಮಲಯಾಳವೂ ಮಾಸಿದೆ. ನಾಲ್ಕೇ ಮೇಜು, ಒಂದು ಫ್ಯಾನು.

ಗೋಳಿಬಜೆ ಚೆನ್ನಾಗಿದೆ. ಶುಂಠಿ, ಕಾಯಿಚೂರು ಹಲ್ಲಿಗೆ ಸಿಗುತ್ತವೆ, ಸೋಡಾ ಜಾಸ್ತಿ ಇಲ್ಲ, ತಿಂದ ಮೇಲೆ ಹೊಟ್ಟೆ ಉಬ್ಬರಿಸುವುದಿಲ್ಲ. ಬನ್ಸ್ ಅದಕ್ಕಿಂತಲೂ ಒಂದು ಕೈ ಮೇಲೆ. ಚಟ್ನಿ ಮಾತ್ರ ಸಂಜೆಯಾಗುತ್ತಾ ನೀರಾಗುತ್ತದೆ. ಮೂರು ಸಲ ಹೇಳಿದ್ದೇನೆ, ನಗುತ್ತಾರೆ ಅಷ್ಟೇ.

ಇನ್ನು ಆ ಕರಿಹಲಗೆಯ ವಿಷಯ. ಗಲ್ಲಾದ ಹಿಂದೆ ತೂಗುಹಾಕಿದ್ದಾರೆ. ತಿಂಡಿಯ ರೇಟು ಇರಬಹುದು ಅಂದುಕೊಂಡರೆ, ‘ಚಾ ಮುಗಿಯುವವರೆಗೆ ಅಡಿಕೆ ರೇಟು, ಕೊಳೆರೋಗ ಮಾತಾಡಬಾರದು. ಮಾತಾಡಿದವರು ಇಡೀ ಮೇಜಿಗೆ ಗೋಳಿಬಜೆ ಕೊಡಿಸಬೇಕು’ ಅಂತ ಸೀಮೆಸುಣ್ಣದಲ್ಲಿ ಬರೆದಿದೆ. ಮೊದಲ ಸಲ ಓದಿದಾಗ ನನಗೆ ಸಿಟ್ಟೇ ಬಂತು. ನಮ್ಮೂರಲ್ಲಿ ಅಡಿಕೆ ಬಿಟ್ಟರೆ ಮಾತಾಡುವುದಕ್ಕೆ ಬೇರೆ ಏನಿದೆ ಮಾರಾಯ್ರೆ?

ಅದು ಜುಲೈ. ಮಳೆಗೆ ಅಡಿಕೆ ಕಾಯಿ ಕೊಳೆತು ಉದುರುವ ಈ ಕೊಳೆರೋಗಕ್ಕೆ ಎರಡನೇ ಸಲ ಮದ್ದು ಬಿಡುವ ಹೊತ್ತು ಮೀರುತ್ತಾ ಇತ್ತು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಈ ಲೆಕ್ಕ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ, ಆದರೆ ಲೆಕ್ಕ ಗೊತ್ತಿದ್ದು ಏನು ಪ್ರಯೋಜನ, ಮೂರು ದಿನದಿಂದ ಮಳೆ ಬಿಟ್ಟಿಲ್ಲ, ಮರ ಹತ್ತುವವನು ಫೋನೇ ಎತ್ತುತ್ತಿಲ್ಲ, ಮದ್ದು ಬಿಟ್ಟರೂ ಗೊನೆಯಲ್ಲಿ ಒಣಗದೆ ತೊಳೆದುಹೋಗುವುದು ಗ್ಯಾರಂಟಿ. ಚಾ ಬರುವ ಮೊದಲೇ ಪಕ್ಕದವರ ಹತ್ತಿರ ಇದನ್ನೆಲ್ಲಾ ಶುರು ಮಾಡಿದೆ. ಧಣಿ ಸೀದಾ ಬಂದು ಮೂರು ಪ್ಲೇಟು ಇಟ್ಟರು.

‘ಅಣ್ಣಾ, ಬಿಸಿ ಇರುವಾಗ ತಿನ್ನಿ. ನೀವು ತಿಂದರೂ ಮಳೆ ಬರ್ತದೆ, ತಿನ್ನದಿದ್ದರೂ ಬರ್ತದೆ.’

ಬಿಲ್ಲು ನನ್ನದೇ! ಮರುವಾರವೂ ದಂಡ ಕಟ್ಟಿದೆ. ಮೂರನೇ ಸಲ ಬಾಯಿ ಮುಚ್ಚಿ ಕುಳಿತೆ, ಸ್ವಲ್ಪ ಹೊತ್ತಿಗೆ ಎದುರಿಗಿದ್ದ ಬ್ಯಾರಿಯವರು ತಮ್ಮ ಮೊಮ್ಮಗಳು ಶಾಲೆಯಲ್ಲಿ ಯಕ್ಷಗಾನ ಕಲಿಯುತ್ತಿರುವ ಕಥೆ ಹೇಳಿದರು. ಅವರಿಗೆ ತಾಳ ಗೊತ್ತಿಲ್ಲ, ಆದರೂ ಮೇಜಿನ ಮೇಲೆ ಬಡಿದು ತೋರಿಸಿದರು. ನಗುವಾಗ ನನ್ನ ಚಾ ಚೆಲ್ಲಿತು.

ಕೊಳೆ ಬರುವುದು ನಿಲ್ಲಲಿಲ್ಲ, ಸುಳ್ಳು ಯಾಕೆ ಹೇಳಲಿ. ಕೆಳಗಿನ ತೋಟದಲ್ಲಿ ಕಾಯಿ ಚೆನ್ನಾಗಿಯೇ ಉದುರಿತು. ಆದರೆ ಹಿಂದಿನ ವರ್ಷವೂ ಉದುರಿತ್ತು. ಆ ಹಿಂದಿನ ವರ್ಷದ ಜುಲೈಯಲ್ಲಿ ಮನೆಯಲ್ಲಿ ಏನು ತಿಂದೆ, ಯಾರು ಬಂದು ಹೋದರು ಅಂತ ಕೇಳಿದರೆ ನನಗೆ ಒಂದೂ ನೆನಪಿಲ್ಲ. ಹೆಂಡತಿಯನ್ನು ಕೇಳಿದೆ. ‘ನಾನು ಪತ್ರೊಡೆ ಮಾಡಿದ್ದೆ, ನೀವು ಚೆನ್ನಾಗಿದೆ ಅಂತಲೂ ಹೇಳ್ಲಿಲ್ಲ’ ಅಂದಳು. ಈ ವರ್ಷ ಹೇಳಿದೆ. ಉಪ್ಪು ಸ್ವಲ್ಪ ಕಡಿಮೆ ಇತ್ತು, ಅದನ್ನು ಹೇಳಲಿಲ್ಲ.

ಐದರಲ್ಲಿ ನಾಲ್ಕು ಕೊಡುತ್ತೇನೆ, ಒಂದು ಕಡಿಮೆ ಚಟ್ನಿಗೆ. ಗೂಗಲ್ ಪೇ ಇದೆ, ರೇಂಜ್ ಇಲ್ಲ, ಚಿಲ್ಲರೆ ತೆಗೆದುಕೊಂಡು ಹೋಗಿ. ಬನ್ಸ್ ಬೆಳಗ್ಗೆ 9 ಗಂಟೆಯ ಒಳಗೆ ಖಾಲಿ. ಈಗ ರಬ್ಬರ್ ರೇಟನ್ನೂ ಹಲಗೆಗೆ ಸೇರಿಸಿದ್ದಾರಂತೆ, ಹೋಗುವವರು ಮೊದಲು ಓದಿಕೊಳ್ಳಿ.