18 ಮಿ.ಮೀ. ಪ್ಲೈವುಡ್: ಮುಖಕ್ಕೆ ಮರುಳಾಗಬೇಡಿ, ಅಂಚು ನೋಡಿ

ಇಲ್ಲಿ ತೂಗಿ ನೋಡುತ್ತಿರುವುದು ಮೂರು ಬಗೆಯ ಶೀಟು: 13 ಪದರದ ಬರ್ಚ್ (ಚಳಿನಾಡಿನ ಒಂದು ಮರ) ಪ್ಲೈ, ಸಮದಪ್ಪದ 7 ಪದರದ ಗಟ್ಟಿಮರದ ಪ್ಲೈ, ತೆಳುಮುಖದ 9 ಪದರದ ಅಗ್ಗದ ಪ್ಲೈ. ಮೂರೂ 18 ಮಿ.ಮೀ. ದಪ್ಪ. ಭಾರ ಹೊರುವ ಬಗೆ ಮಾತ್ರ ಒಂದೊಂದಕ್ಕೆ ಒಂದೊಂದು.

ಪ್ಲೈವುಡ್‌ಗೆ ಎರಡೂ ದಿಕ್ಕಿನಲ್ಲಿ ಸಮ ಬಲ ಎನ್ನುವುದು ಅರ್ಧ ಸತ್ಯ. ಪದರಗಳ ಎಳೆ, ಅಂದರೆ ಮರದ ನಾರು, ಒಂದು ಉದ್ದ, ಒಂದು ಅಡ್ಡ ಕೂತಿರುವುದು ನಿಜ. ಆದರೆ ಹಲಗೆ ಬಾಗುವಾಗ ದುಡಿಯುವುದು ಹೊರಗಿನ ಪದರಗಳು. ನಡುವಿನದು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಅದಕ್ಕೇ ಸಮದಪ್ಪದ 3 ಪದರದ ಪ್ಲೈನಲ್ಲಿ ಮುಖದ ಎಳೆಯ ಉದ್ದಕ್ಕೆ ಬಿಗಿತ (ಬಾಗದೆ ನಿಲ್ಲುವ ಗುಣ) 26 ಪಾಲಾದರೆ ಅಡ್ಡಕ್ಕೆ ಒಂದೇ ಪಾಲು. ಈ ಅಂತರ 5 ಪದರಕ್ಕೆ 3.8 ಪಟ್ಟು, 7ಕ್ಕೆ ಸುಮಾರು 2.5, 13ಕ್ಕೆ 1.6. ಅಡ್ಡ ಎಳೆಯ ಅಲ್ಪಸ್ವಲ್ಪ ಬಿಗಿತವನ್ನು ಬಿಟ್ಟು ಹಾಕಿದ ಲೆಕ್ಕ ಇದು. ನಿಜದ ಅಂತರ ತುಸು ಕಡಿಮೆ.

ಬರ್ಚ್ ಹಾಗಾಗಿ ತಪ್ಪನ್ನು ಮನ್ನಿಸುತ್ತದೆ. ದಿಕ್ಕು ತಪ್ಪಿ ಕತ್ತರಿಸಿದರೂ ದೊಡ್ಡ ಅನಾಹುತವಿಲ್ಲ, ಸ್ಕ್ರೂ ಚೆನ್ನಾಗಿ ಹಿಡಿಯುತ್ತದೆ. ತೇವವಿದ್ದಲ್ಲಿ ಮಾತ್ರ ಬೇಡ. ಅಂಟು ತಡೆದುಕೊಂಡರೂ ಮರ ಕೊಳೆಯುತ್ತದೆ.

7 ಪದರದ ಪ್ಲೈ ದುಡ್ಡಿಗೆ ಮೋಸವಿಲ್ಲದ ಮಾಲು, ಆದರೆ ದಿಕ್ಕು ಕೇಳುತ್ತದೆ. 2440 × 1220 ಶೀಟಿನಿಂದ 1200 × 300ರ ಕಪಾಟಿನ ಹಲಗೆ ಉದ್ದಕ್ಕೆ ಕತ್ತರಿಸಿದರೂ ಎಂಟು, ಅಡ್ಡಕ್ಕೆ ಕತ್ತರಿಸಿದರೂ ಎಂಟೇ, ಗರಗಸ ತಿನ್ನುವ 3 ಮಿ.ಮೀ. ಕಳೆದರೂ. ಆದರೆ ಅಡ್ಡಕ್ಕೆ ಕತ್ತರಿಸಿದ್ದು ಅದೇ ಪುಸ್ತಕದ ಭಾರಕ್ಕೆ ಹತ್ತಿರಹತ್ತಿರ ಎರಡೂವರೆ ಪಟ್ಟು ಜೋತುಬೀಳುತ್ತದೆ. ಒಂದು ತುಂಡೂ ಉಳಿಸದೆ ಬಿಗಿತ ಕಳೆದುಕೊಂಡ ಹಾಗಾಯಿತು.

ಮೂರನೆಯದು ನಿಜವಾದ ತಕರಾರಿನದ್ದು. ಅಂಚಿನಲ್ಲಿ ಮುಖದ ಪದರ 0.4 ಮಿ.ಮೀ., ಒಳಗಿನ ಏಳು ಒಂದೊಂದೂ ಸುಮಾರು 2.45 ಎಂದಿಟ್ಟುಕೊಳ್ಳಿ. ಮುಖದ ಕೆಳಗಿನ ಮೊದಲ ದಪ್ಪ ಪದರದ ಎಳೆ ಅಡ್ಡ. ಲೆಕ್ಕ ಹಾಕಿದರೆ ಬಿಗಿತದ 62 ಪಾಲು ಅಡ್ಡಕ್ಕೆ, 38 ಪಾಲು ಉದ್ದಕ್ಕೆ! ಮೇಲಿನ ಎಳೆ ನೋಡಿ ಕತ್ತರಿಸಿದವರು ದುರ್ಬಲ ದಿಕ್ಕನ್ನೇ ಆರಿಸಿಕೊಂಡಿರುತ್ತಾರೆ. ಸಾಲದ್ದಕ್ಕೆ ಒಳಪದರದ ಜೋಡಣೆಯಲ್ಲಿ ಸಂದು ಬಿಟ್ಟಿದ್ದರೆ ಅಲ್ಲಿ ಸ್ಕ್ರೂ ಹಿಡಿತವೇ ಇಲ್ಲ. ಮುಖವನ್ನು ಬೆರಳ ಗಂಟಿನಿಂದ ತಟ್ಟುತ್ತಾ ಹೋದರೆ ಟೊಳ್ಳು ಸದ್ದು ಅದನ್ನು ಹೇಳಿಬಿಡುತ್ತದೆ.

ಅನುಮಾನವಿದ್ದರೆ 1100 × 50ರ ಎರಡು ಪಟ್ಟಿ ಕತ್ತರಿಸಿ, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. 1000 ಮಿ.ಮೀ. ಅಂತರದ ಎರಡು ಆಧಾರದ ಮೇಲಿಟ್ಟು ನಡುವೆ 5 ಕಿಲೋ ತೂಗುಹಾಕಿ. ಬಾಗುವುದು ಕೆಲವೇ ಮಿಲಿಮೀಟರ್, ಆದರೆ ವ್ಯತ್ಯಾಸ ಸ್ಕೇಲಿಗೆ ಸಿಗುತ್ತದೆ. ಕಡಿಮೆ ಬಾಗಿದ್ದೇ ಹೆಚ್ಚು ಬಲವಿರುವ ದಿಕ್ಕು.

ನೆಲಕ್ಕೆ ಹಾಸುವಾಗ ಹೆಚ್ಚು ಬಲವಿರುವ ದಿಕ್ಕು ಜಂತೆಗಳಿಗೆ ಅಡ್ಡವಾಗಿರಲಿ, ಒಂದು ಶೀಟು ಕನಿಷ್ಠ ಮೂರು ಜಂತೆಗಳ ಮೇಲೆ ಕೂರಲಿ, ಶೀಟುಗಳ ನಡುವೆ 3 ಮಿ.ಮೀ. ಸಂದು ಬಿಡಿ. ಸಂದಿಲ್ಲದಿದ್ದರೆ ತೇವಕ್ಕೆ ಹಿಗ್ಗಿದಾಗ ಅಂಚು ಮೇಲೇಳುತ್ತದೆ. ಗೋಡೆಯ ಚೌಕಟ್ಟಿಗೆ ಹೊಡೆಯುವ ಪ್ಲೈಗೆ, ನಾಲ್ಕೂ ಅಂಚಿಗೆ ಆಧಾರವಿದ್ದರೆ, ದಿಕ್ಕಿಗಿಂತ ಮೊಳೆಗಳ ಅಂತರವೇ ಮುಖ್ಯ. ಅಂಚಿಗೆ ಸ್ಕ್ರೂ ಹಾಕುವುದಾದರೆ ಮೊದಲೇ ತೂತು ಕೊರೆಯಿರಿ, 4 ಮಿ.ಮೀ. ಸ್ಕ್ರೂಗೆ 3 ಮಿ.ಮೀ. ತೂತು ಸರಿ. ಇಲ್ಲವಾದರೆ ಪದರ ಸೀಳುತ್ತದೆ.

ಉದ್ದನೆಯ ಕಪಾಟಿಗೆ 7 ಪದರದ್ದೇ ಸಾಕು, ದಿಕ್ಕು ಸರಿಯಿದ್ದರೆ. ಎರಡೂ ದಿಕ್ಕಿಗೆ ಭಾರ ಬೀಳುವ ಮೇಜಿಗೆ ಬರ್ಚ್. ತೆಳುಮುಖದ್ದು ಬೀರುವಿನ ಪಕ್ಕದ ಹಲಗೆಗೆ ಸರಿ, ಕಪಾಟಿಗಲ್ಲ. ಶೀಟು ಕತ್ತರಿಸುವ ಮುನ್ನ ಪ್ರತಿ ತುಂಡಿನ ಮೇಲೂ ಹೆಚ್ಚು ಬಲವಿರುವ ದಿಕ್ಕಿಗೆ ಬಾಣದ ಗುರುತು ಹಾಕಿ. ಕಟಿಂಗ್ ಲೆಕ್ಕಕ್ಕೆ ಆ್ಯಪ್ ಬಳಸುವವರು ತುಂಡು ತಿರುಗಿಸುವ ಆಯ್ಕೆಯನ್ನು ಆಫ್ ಮಾಡಿಡಿ.