ಹಳೆ ರೂಪಾಯಿ ಗ್ರೇಡಿಂಗ್ ಮಾಡಿಸಿಕೊಡ್ತೀನಿ ಅನ್ನುವವರಿಗೆ ಸುಮ್ನೆ ದುಡ್ಡು ಕೊಡಬೇಡಿ

ತುಮಕೂರು, ಗುಬ್ಬಿ, ಸಿರಾ ಕಡೆ ಮನೆಯಲ್ಲಿ ಹಳೆ ಬೆಳ್ಳಿ ರೂಪಾಯಿ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾಣ್ಯವನ್ನು ಅಮೆರಿಕದ ಕಂಪನಿಗೆ ಕಳಿಸಿ ಗ್ರೇಡಿಂಗ್, ಅಂದರೆ ಅದು ಅಸಲಿಯೇ, ಯಾವ ಸ್ಥಿತಿಯಲ್ಲಿದೆ ಅಂತ ನೋಡಿ ನಂಬರ್ ಕೊಡುವ ಕೆಲಸ, ಮಾಡಿಸಿಕೊಡ್ತೀನಿ ಅಂತ ಓಡಾಡುವ ಒಬ್ಬ ಮಧ್ಯವರ್ತಿ ನನ್ನಿಂದ 9,000 ರೂಪಾಯಿ ತಗೊಂಡ. ದುಡ್ಡು ಹೋಯಿತು, ಅದು ಒಂದು ಕಡೆ. ಆಮೇಲೆ ಅವನು ಕೊಟ್ಟ ಉತ್ತರ ಇದೆಯಲ್ಲ, ಅದು ಇನ್ನೂ ಹೊಟ್ಟೆ ಉರಿಸುತ್ತಿದೆ.

ನಾಣ್ಯ ನಮ್ಮ ಅಜ್ಜಿಯದು, 1911ರ ಐದನೇ ಜಾರ್ಜ್ ರೂಪಾಯಿ. ಸಂಗ್ರಹ ಮಾಡುವವರು ಇದನ್ನು ಹಂದಿ ರೂಪಾಯಿ ಅನ್ನುತ್ತಾರೆ. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆ ಅಂತ ಗಲಾಟೆಯಾಗಿ, ಹೊರಗೆ ಬಿಡದೆ ಉಳಿದದ್ದನ್ನು ಸರ್ಕಾರ ಕರಗಿಸಿತು, 1912ರ ನಾಣ್ಯದಲ್ಲಿ ಆನೆಯನ್ನು ತಿದ್ದಿದರು. ಈ ಕಥೆಯನ್ನೇ ಅವನು ನಮ್ಮ ಮನೆ ಜಗಲಿಯಲ್ಲಿ ಕೂತು ರಸವತ್ತಾಗಿ ಹೇಳಿದ. "ಸಾರ್, ಇದು 60 ದಾಟುತ್ತೆ, ಬರೆದಿಟ್ಕೊಳ್ಳಿ. ಸ್ಲ್ಯಾಬ್‌ನಲ್ಲಿ ಬಂತು ಅಂದ್ರೆ ಲಕ್ಷಕ್ಕೆ ಕಮ್ಮಿ ಮಾತೇ ಇಲ್ಲ."

ಸ್ಲ್ಯಾಬ್ ಅಂದರೆ ಗ್ರೇಡ್ ಬರೆದು ನಾಣ್ಯವನ್ನು ಒಳಗಿಟ್ಟು ಸೀಲ್ ಮಾಡಿದ ಪ್ಲಾಸ್ಟಿಕ್ ಡಬ್ಬಿ. ಗ್ರೇಡಿಂಗ್ ನಂಬರ್ 1ರಿಂದ 70ರವರೆಗೆ ಇರುತ್ತದೆ. 60 ಮತ್ತು ಮೇಲೆ ಅಂದರೆ ಕೈಯಿಂದ ಕೈಗೆ ಓಡಾಡಿ ಸವೆಯದ ನಾಣ್ಯ. ನಮ್ಮದು ಅಂಥದ್ದಲ್ಲ. ಪ್ರತಿ ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಮುಂದೆ ಇಡುತ್ತಿದ್ದೆವು, ಹಬ್ಬ ಮುಗಿದ ಮೇಲೆ ಅರಿಶಿನ ಕುಂಕುಮ ಹೋಗಲಿ ಅಂತ ಹುಣಸೆಹಣ್ಣು ಹಾಕಿ ತೊಳೆಯುತ್ತಿದ್ದೆವು. ಇದನ್ನು ನಾನು ಅವತ್ತೇ ಹೇಳಿದ್ದೆ. ಬಾಯಿ ಬಿಟ್ಟು ಹೇಳಿದ್ದೆ! ಅವನು ಲೆನ್ಸ್ ಇಟ್ಟು ಎರಡೂ ಕಡೆ ನೋಡಿ, "ಬೆಳ್ಳಿ ಅಲ್ವಾ ಸಾರ್, ಅದಕ್ಕೇನೂ ಆಗಲ್ಲ" ಅಂದ.

ತಿಂಗಳುಗಟ್ಟಲೆ ಕಾದೆವು. ಬಂದ ಸ್ಲ್ಯಾಬ್‌ನಲ್ಲಿ ನಂಬರೇ ಇಲ್ಲ. 'ಡೀಟೇಲ್ಸ್' ಅಂತ ಇದೆ, ಪಕ್ಕದಲ್ಲಿ 'ಕ್ಲೀನ್ಡ್' ಅಂತ ಇದೆ. ಉಜ್ಜಿ ತೊಳೆದ ನಾಣ್ಯಕ್ಕೆ ಅವರು ನಂಬರ್ ಕೊಡುವುದಿಲ್ಲ. ಗ್ರೇಡಿಂಗ್ ಕಂಪನಿಯ ಮೇಲೆ ನನಗೆ ಸಿಟ್ಟಿಲ್ಲ, ಅವರು ಇರುವುದನ್ನೇ ಬರೆದಿದ್ದಾರೆ. ನಾನು ಅವನಿಗೆ ಫೋನ್ ಮಾಡಿದೆ. ಸ್ಪೀಕರ್ ಹಾಕಿದ್ದೆ, ಅಮ್ಮ ಪಕ್ಕದಲ್ಲೇ ಇದ್ದರು.

"ಸಾರ್, ನಿಮ್ಮ ಮನೆ ಹೆಂಗಸರು ಹುಣಸೆಹಣ್ಣು ಹಾಕಿ ಉಜ್ಜಿದ್ರೆ ನಾನೇನ್ ಮಾಡ್ಲಿ?"

ನಾನು ಹೇಳಿದ ಮಾತನ್ನೇ ನನ್ನ ಮುಖಕ್ಕೆ ಎಸೆದ. ಅಂದರೆ ಅವತ್ತು ಕೇಳಿಸಿಕೊಂಡಿದ್ದ, ನೆನಪೂ ಇಟ್ಟುಕೊಂಡಿದ್ದ, ನಂಬರ್ ಬರಲ್ಲ ಅಂತ ಗೊತ್ತಿದ್ದೇ ದುಡ್ಡು ಎಣಿಸಿಕೊಂಡಿದ್ದ. ಅಮ್ಮ ಏನೂ ಮಾತಾಡದೆ ಎದ್ದು ಒಳಗೆ ಹೋದರು. ಲೆನ್ಸ್ ಇಟ್ಟು ನೋಡಿದೆಯಲ್ಲಪ್ಪಾ, ಆಗ ಕಾಣಲಿಲ್ವಾ ಅಂತ ಕೇಳಿದೆ. "ಗ್ರೇಡ್ ಕೊಡೋದು ಅವರು ಸಾರ್, ನಂದು ಕಳಿಸೋ ಕೆಲಸ ಅಷ್ಟೇ." ಲಕ್ಷ ಅಂದಿದ್ದು ಯಾರು ಅಂದೆ. "ಅದು ಅಂದಾಜು ಸಾರ್." ಸಂಜೆ ವಾಟ್ಸಾಪ್‌ನಲ್ಲಿ ಇನ್ನೊಂದು ಮೆಸೇಜ್: "ಬೇಕಿದ್ರೆ ನಾನೇ ತಗೋತೀನಿ, ಬೆಳ್ಳಿ ರೇಟಿಗೆ." ಹೆಚ್ಚುಕಮ್ಮಿ 11.66 ಗ್ರಾಂ ತೂಕ, ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಆ ರೇಟಿಗೆ ಕೊಡುವುದಕ್ಕೆ ಇವನೇ ಬೇಕಾ? ಯಾವ ಬೆಳ್ಳಿ ಅಂಗಡಿಯವನೂ ತಗೋತಾನೆ.

ಇದು ಚೆನ್ನಾಗಿ ತಿಳಿದಿರಲಿ. ನಂಬರ್ ಬರಲಿ ಬಿಡಲಿ, ಗ್ರೇಡಿಂಗ್ ಫೀಸು ಕೊಡಲೇಬೇಕು. ಕೊರಿಯರ್, ಇನ್ಶೂರೆನ್ಸ್, ಮಧ್ಯವರ್ತಿಯ ಕಮಿಷನ್ ಬೇರೆ. ಗ್ರೇಡಿಂಗ್‌ನವರು ನಾಣ್ಯ ಅಸಲಿಯೇ, ಯಾವ ಸ್ಥಿತಿಯಲ್ಲಿದೆ ಅಂತ ಹೇಳುತ್ತಾರೆ, ಲಕ್ಷಕ್ಕೆ ಹೋಗುತ್ತೆ ಅಂತ ಭರವಸೆ ಕೊಡುವುದಿಲ್ಲ. ಪೂಜೆಗಿಟ್ಟು ತೊಳೆದ ನಾಣ್ಯ, ಸರಕ್ಕೆ ಕುಣಿಕೆ ಬೆಸೆದ ನಾಣ್ಯ ಕಳಿಸಲೇಬೇಡಿ. ಒಂದು ದೀಪದ ಕೆಳಗೆ ನಾಣ್ಯವನ್ನು ಓರೆ ಮಾಡಿ ನಿಧಾನವಾಗಿ ತಿರುಗಿಸಿ, ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಕಂಡರೆ ಅದನ್ನು ಉಜ್ಜಿದ್ದಾರೆ ಅಂತಲೇ ಲೆಕ್ಕ. ಕೇಳುವುದಾದರೆ ಕಮಿಷನ್ ಸಿಗದ ಸಂಗ್ರಾಹಕರನ್ನು ಕೇಳಿ. ಕಳಿಸಿದರೆ ಮಾತ್ರ ದುಡ್ಡು ಸಿಗುವವನು ಬೇಡ ಅಂತ ಯಾಕೆ ಹೇಳ್ತಾನೆ?

ತಿಪಟೂರಿನ ಪರಿಚಯದವರೊಬ್ಬರಿಂದಲೂ ಮೊನ್ನೆ 1911ರ ರೂಪಾಯಿ ತಗೊಂಡು ಹೋಗಿದ್ದಾನಂತೆ. ಅವರದೂ ಪೂಜೆಗಿಟ್ಟ ನಾಣ್ಯ. ನೀವೂ ಯಾರಿಗಾದರೂ ಹೀಗೆ ಕೊಟ್ಟಿದ್ದು, ಅದು ಇನ್ನೂ ಹೋಗಿಲ್ಲ ಅಂದರೆ ಇವತ್ತೇ ಹೋಗಿ ನಾಣ್ಯ, ದುಡ್ಡು ಎರಡೂ ವಾಪಸ್ ಕೇಳಿ.