ಪ್ಲಗ್ಗಿಗೆ ಕರೆಂಟ್ ಬಾರದಿದ್ದಾಗ: ಹುಲ್ಲು ಹೊಡೆಯುವ ಯಂತ್ರದ ಮೇಲೆ ಮಾಡಿ ನೋಡಿದ ಪರೀಕ್ಷೆಗಳು

ಜೂನ್ ತಿಂಗಳಲ್ಲಿ ಕೊಟ್ಟಿಗೆಯ ಅಟ್ಟಕ್ಕೆ ಸೇರಿಸಿದ ಹುಲ್ಲು ಹೊಡೆಯುವ ಯಂತ್ರವನ್ನು ಅಡಿಕೆಯ ಕೊನೆಕೊಯ್ಲಿಗೆ ಮೊದಲು ತೋಟಕ್ಕಿಳಿಸಿ ಹಗ್ಗ ಎಳೆದಾಗ ಇಂಜಿನ್ ಹಿಡಿಯದಿರುವುದು ನಮ್ಮ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರಿಗೆ ಹೊಸ ಅನುಭವವಲ್ಲ. ಆಗುಂಬೆಯ ಮಳೆಯ ಪಕ್ಕದಲ್ಲೇ ಇರುವ ನಮ್ಮಲ್ಲಿ ಗೋಡೆಯೇ ಬೆವರುವಾಗ ಕಬ್ಬಿಣ ಒಣಗಿರಲು ಸಾಧ್ಯವಿಲ್ಲ. "ಪ್ಲಗ್ಗಿಗೆ ಕರೆಂಟೇ ಬರ್ತಾ ಇಲ್ಲ ಮಾರಾಯ್ರೇ, ಕಾಯಿಲ್ ಹೋಗಿದೆ" ಎಂಬ ರಿಪೇರಿಯವರ ತೀರ್ಪನ್ನು ನಂಬಿ ನಾನು ಒಮ್ಮೆ ಹೊಸ ಕಾಯಿಲ್ (ಪ್ಲಗ್ಗಿನ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ತಂತಿಯ ಸುತ್ತು) ತರಿಸಿ ಹಾಕಿಸಿದೆ. ಆದರೂ ಯಂತ್ರ ಹಿಡಿಯಲಿಲ್ಲ. ದೋಷ ಕಾಯಿಲ್‌ನಲ್ಲಿ ಇರಲೇ ಇಲ್ಲ. ಅಲ್ಲಿಂದ ಈಚೆಗೆ ಎರಡು ಹಂಗಾಮುಗಳಲ್ಲಿ ನನ್ನ ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಇಂಜಿನ್ನಿನ ಮೇಲೆ ಬೇರೆ ಬೇರೆ ಪರೀಕ್ಷಾ ವಿಧಾನಗಳನ್ನು ಮಾಡಿ ನೋಡಿದ್ದೇನೆ. ಯಾವುದು ಎಷ್ಟರ ಮಟ್ಟಿಗೆ ನಂಬಿಕೆಗೆ ಅರ್ಹವೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲರಿಗೂ ಗೊತ್ತಿರುವ ವಿಧಾನವೆಂದರೆ ಪ್ಲಗ್ ಬಿಚ್ಚಿ, ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಇಂಜಿನ್ನಿನ ಬಾಡಿಗೆ ತಾಗಿಸಿ ಹಿಡಿದು ಹಗ್ಗ ಎಳೆಯುವುದು. ಇದಕ್ಕೆ ಖರ್ಚಿಲ್ಲ, ಕಿಡಿ ಕಣ್ಣಿಗೆ ಕಾಣುತ್ತದೆ. ಆದರೆ ಪ್ಲಗ್ಗಿನ ತುದಿಯ ಅಂತರ 0.6ರಿಂದ 0.7 ಮಿಲಿಮೀಟರ್ ಮಾತ್ರ, ಮತ್ತು ಹೊರಗಿನ ಗಾಳಿಯಲ್ಲಿ ಅಷ್ಟು ಅಂತರವನ್ನು ಬಡಕಲು ಕಾಯಿಲ್ ಕೂಡ ದಾಟಿಸುತ್ತದೆ. ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲ್ ಒತ್ತಡಕ್ಕೆ ಸಿಕ್ಕಿರುವಾಗ ಅದೇ ಅಂತರವನ್ನು ದಾಟಲು ಹೆಚ್ಚು ವೋಲ್ಟೇಜ್ ಬೇಕಾಗುವುದರಿಂದ, ಹೊರಗೆ ಕಂಡ ಕಿಡಿ ಒಳಗೂ ಹಾರುತ್ತದೆಂದು ಹೇಳಲಾಗದು. ಇನ್ನೊಂದು ಅಪಾಯವೂ ಇದೆ. ಹಗ್ಗ ಎಳೆದಾಗ ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಕಿಡಿ ಅದರ ಪಕ್ಕದಲ್ಲೇ ಇರುತ್ತದೆ. ಹೀಗೆ ನೋಡಲೇಬೇಕೆಂದಾದಾಗ ನಾನು ತೂತಿಗೆ ಹಳೆಯ ಪ್ಲಗ್ಗೊಂದನ್ನು ತಿರುಗಿಸಿ ಮುಚ್ಚುತ್ತೇನೆ.

ಇದಕ್ಕೆ ಪ್ರತಿಯಾಗಿ, ಅಂತರವನ್ನು ಬೇಕಾದಷ್ಟು ಹಿಗ್ಗಿಸಬಹುದಾದ ಸ್ಪಾರ್ಕ್ ಟೆಸ್ಟರ್ ಎಂಬ ಸಣ್ಣ ಸಾಧನವಿದೆ. ಅದರ ಕ್ಲಿಪ್ಪನ್ನು ಬಾಡಿಗೆ ಕಚ್ಚಿಸಿ, ಇನ್ನೊಂದು ತುದಿಗೆ ಪ್ಲಗ್ ಕ್ಯಾಪ್ ಸಿಕ್ಕಿಸಿ, ಅಂತರವನ್ನು 4ರಿಂದ 5 ಮಿಲಿಮೀಟರಿಗೆ ಇಟ್ಟು ಹಗ್ಗ ಎಳೆಯಬೇಕು. ಪ್ಲಗ್ ತನ್ನ ಜಾಗದಲ್ಲೇ ಇರುವುದರಿಂದ ಆವಿ ಹೊರಬರುವುದಿಲ್ಲ. ಎರಡರ ವ್ಯತ್ಯಾಸ ಸ್ಪಷ್ಟವಾದದ್ದು ಕಳೆದ ಹಂಗಾಮಿನಲ್ಲಿ. ಅರ್ಧ ಗಂಟೆ ಚೆನ್ನಾಗಿ ಓಡಿದ ಯಂತ್ರ ಬಿಸಿಯಾದೊಡನೆ ನಿಂತುಬಿಡುತ್ತಿತ್ತು. ಆರಿದ ಮೇಲೆ ಮತ್ತೆ ಹಿಡಿಯುತ್ತಿತ್ತು. ಬಿಸಿಯಿರುವಾಗಲೇ ಪ್ಲಗ್ಗನ್ನು ಬಾಡಿಗೆ ತಾಗಿಸಿ ನೋಡಿದರೆ ಕೊಟ್ಟಿಗೆಯ ಕತ್ತಲ ಮೂಲೆಯಲ್ಲಿ ಸಣ್ಣ ಕೆಂಪು ಕಿಡಿ ಕಂಡಿತು. ಕಿಡಿ ಇದೆಯಲ್ಲ, ದೋಷ ಪೆಟ್ರೋಲ್ ಬರುವ ಕಡೆ ಇರಬೇಕು ಎಂದು ಎರಡು ದಿನ ಕಾರ್ಬೊರೇಟರ್ ಬಿಚ್ಚಿ ತೊಳೆದೆ. ಆಮೇಲೆ ಟೆಸ್ಟರ್ ಹಾಕಿದಾಗ, ತಣ್ಣಗಿದ್ದ ಇಂಜಿನ್ನಿನಲ್ಲಿ 5 ಮಿಲಿಮೀಟರ್ ಅಂತರವನ್ನು ನೀಲಿ ಕಿಡಿ ಚಟ್ ಎಂಬ ಸದ್ದಿನೊಂದಿಗೆ ದಾಟಿತು, ಬಿಸಿಯಾದಾಗ ಅದೇ ಅಂತರದಲ್ಲಿ ಏನೂ ಇರಲಿಲ್ಲ. ಕಾಯಿಲ್ ನಿಜವಾಗಿಯೂ ಹೋಗಿದ್ದದ್ದು ಆ ಸಲ. ಟೆಸ್ಟರ್‌ಗೆ ಕೊಟ್ಟ 350 ರೂಪಾಯಿ ಆ ಎರಡು ದಿನದ ಕೆಲಸದ ಮುಂದೆ ಏನೇನೂ ಅಲ್ಲ.

ತಂತಿಯ ನಿರೋಧವನ್ನು ಓಮ್ ಲೆಕ್ಕದಲ್ಲಿ ಅಳೆಯುವ ಮಲ್ಟಿಮೀಟರ್ ಬಗ್ಗೆ ನನಗೆ ಹೆಚ್ಚಿನ ನಿರೀಕ್ಷೆ ಇತ್ತು, ಅದು ಈಡೇರಲಿಲ್ಲ. ಮೇಲೆ ಹೇಳಿದ ಕಾಯಿಲ್‌ನ ಹೊರಸುತ್ತನ್ನು, ಅಂದರೆ ಪ್ಲಗ್ಗಿಗೆ ಕರೆಂಟ್ ಕೊಡುವ ಸುತ್ತನ್ನು, ಬಿಸಿಯಲ್ಲೂ ತಂಪಿನಲ್ಲೂ ಅಳೆದೆ. ಎರಡು ಸಲವೂ ಕೆಲವು ಸಾವಿರ ಓಮ್, ಹೇಳುವಂಥ ವ್ಯತ್ಯಾಸವಿಲ್ಲ. ತಂತಿ ಪೂರ್ತಿ ತುಂಡಾಗಿದ್ದರೆ ಮೀಟರ್ ಹೇಳುತ್ತದೆ. ಸುತ್ತುಗಳ ನಡುವಿನ ನಿರೋಧಕ ಪದರ ಸಾವಿರಾರು ವೋಲ್ಟಿನಲ್ಲಿ ಮಾತ್ರ ಸೋರುತ್ತಿದ್ದರೆ ಮೀಟರಿನ ಪುಟ್ಟ ಬ್ಯಾಟರಿಗೆ ಅದು ತಿಳಿಯುವುದು ಹೇಗೆ? ಈಗಿನ ಕಾಯಿಲ್‌ಗಳೊಳಗೆ ಟ್ರಾನ್ಸಿಸ್ಟರ್ ಸರ್ಕ್ಯೂಟ್ ಬೇರೆ ಕೂತಿರುತ್ತದೆ, ಅದರ ಆರೋಗ್ಯವೂ ಓಮ್ ಲೆಕ್ಕದಲ್ಲಿ ಸಿಗುವುದಿಲ್ಲ. ಸ್ವಿಚ್ ಮತ್ತು ವೈರ್ ನೋಡಲು ಮಾತ್ರ ನಾನೀಗ ಮೀಟರ್ ಬಳಸುತ್ತೇನೆ.

ಇನ್ನು ಸ್ಟಾಪ್ ವೈರ್. ಯಾವ ಸಾಧನವೂ ಬೇಡದ, ಸ್ಕ್ರೂಡ್ರೈವರ್ ಒಂದರಿಂದಲೇ ಆಗುವ ಈ ಪರೀಕ್ಷೆಯನ್ನು ಕಾಯಿಲ್ ತರಿಸುವ ಮೊದಲೇ ಮಾಡಬೇಕಿತ್ತೆಂದು ನನಗೆ ಗೊತ್ತಾಗುವಾಗ ಮೊದಲ ಹೊಸ ಕಾಯಿಲ್ ಬಂದು ಕೂತಾಗಿತ್ತು. ಇಂಥ ಇಂಜಿನ್ನಿನಲ್ಲಿ ಸ್ವಿಚ್ ಆಫ್ ಮಾಡುವುದೆಂದರೆ ಕರೆಂಟ್ ಕಡಿಯುವುದಲ್ಲ, ಕಾಯಿಲ್‌ನಿಂದ ಬರುವ ತೆಳುವಾದ ವೈರನ್ನು ಬಾಡಿಗೆ ಸೇರಿಸಿ ಅರ್ಥ್ ಮಾಡುವುದು. ಆ ವೈರಿನ ಸಿಪ್ಪೆ ಎಲ್ಲಾದರೂ ಸುಲಿದು ಬಾಡಿಗೆ ತಾಗಿದರೆ, ಸ್ವಿಚ್ ಎಲ್ಲಿದ್ದರೂ ಇಂಜಿನ್ ಆಫ್ ಆಗಿಯೇ ಇರುತ್ತದೆ. ಮೇಲಿನ ಕವಚ ತೆಗೆದು, ಕಾಯಿಲ್‌ಗೆ ಸಿಕ್ಕಿಸಿದ್ದ ಆ ವೈರನ್ನು ಕಿತ್ತು ಹಗ್ಗ ಎಳೆದಾಗ ಕಿಡಿ ಬಂತು. ಹುಡುಕಿದರೆ, ಕವಚದ ಅಂಚಿನಡಿ ಬೆರಳಗಲ ಜಾಗದಲ್ಲಿ ಇಲಿ ಕಚ್ಚಿದ ಹಲ್ಲಿನ ಗುರುತುಗಳು ಸಾಲಾಗಿದ್ದವು. ಕಪ್ಪು ಸಿಪ್ಪೆಯ ನಡುವೆ ತಾಮ್ರ ಹೊಳೆಯುತ್ತಿತ್ತು. ಅಟ್ಟದಲ್ಲಿ ಯಂತ್ರ ಸುಮ್ಮನೆ ಕೂತಿದ್ದರೂ ಅಲ್ಲಿನ ಇಲಿ ಸುಮ್ಮನಿರಲಿಲ್ಲ. ಎರಡು ಸುತ್ತು ಟೇಪಿಗೆ ಸರಿಯಾಯಿತು. ಈ ಪರೀಕ್ಷೆಯಲ್ಲಿ ಒಂದು ಎಚ್ಚರಿಕೆ ಅಗತ್ಯ: ವೈರ್ ಕಿತ್ತಿರುವಾಗ ಇಂಜಿನ್ ಹಿಡಿದುಬಿಟ್ಟರೆ ಸ್ವಿಚ್‌ನಿಂದ ನಿಲ್ಲಿಸಲಾಗದು, ಚೋಕ್ (ಗಾಳಿಯ ದಾರಿ) ಮುಚ್ಚಿಯೇ ನಿಲ್ಲಿಸಬೇಕು. ಆದ್ದರಿಂದ ಬ್ಲೇಡ್ ಬಿಚ್ಚಿಟ್ಟೇ ಮಾಡುವುದು ಕ್ಷೇಮ.

ಹೊಸ ಪ್ಲಗ್ ಹಾಕಿ ನೋಡುವುದನ್ನು ನಾನು ತಪ್ಪೆನ್ನುವುದಿಲ್ಲ. ಪ್ಲಗ್ ಅಗ್ಗ, ಮನೆಯಲ್ಲಿ ಒಂದಿರಲೇಬೇಕು. ಹೊಸ ಕಾಯಿಲ್ ಹಾಕಿ ನೋಡುವುದು ಮಾತ್ರ ಕೊನೆಯ ಮಾರ್ಗ. ಹಾಕುವಾಗಲೂ ಹಗ್ಗ ಎಳೆದಾಗ ತಿರುಗುವ ಚಕ್ರದ ಮ್ಯಾಗ್ನೆಟ್ಟಿಗೂ ಕಾಯಿಲ್‌ನ ಕಾಲಿಗೂ ನಡುವಿನ ಅಂತರ ಸುಮಾರು 0.3 ಮಿಲಿಮೀಟರ್ ಇರುವಂತೆ, ನಡುವೆ ದಪ್ಪ ವಿಸಿಟಿಂಗ್ ಕಾರ್ಡ್ ಇಟ್ಟು, ಮ್ಯಾಗ್ನೆಟ್ ತಾನೇ ಕಾಯಿಲನ್ನು ಎಳೆದುಕೊಂಡ ಮೇಲೆ ಸ್ಕ್ರೂ ಬಿಗಿಯಬೇಕು. ಖಚಿತ ಅಳತೆ ಯಂತ್ರದ ಕೈಪಿಡಿಯಲ್ಲಿ ಇರುತ್ತದೆ. ಅದೇ ಸಮಯಕ್ಕೆ ಎರಡೂ ಕಡೆಯ ತುಕ್ಕನ್ನು ಎಮರಿ ಪೇಪರಿನಿಂದ ತಿಕ್ಕಿ ತೆಗೆಯುವುದನ್ನು ಮಲೆನಾಡಿನಲ್ಲಿ ಯಾರೂ ಬಿಡಬಾರದು.

ಆದ್ದರಿಂದ ಯಂತ್ರ ಹಿಡಿಯದಿದ್ದರೆ ನಾನೀಗ ಮೊದಲು ಹೊಸ ಪ್ಲಗ್, ಆಮೇಲೆ ಟೆಸ್ಟರ್, ಟೆಸ್ಟರಿನಲ್ಲಿ ಕಿಡಿ ಇಲ್ಲದಿದ್ದರೆ ಸ್ಟಾಪ್ ವೈರ್ ಕಿತ್ತು ಮತ್ತೊಮ್ಮೆ ಟೆಸ್ಟರ್, ಈ ಕ್ರಮದಲ್ಲಿ ಹೋಗುತ್ತೇನೆ. ಎರಡನೆಯ ಸಲವೂ ಕಿಡಿ ಹಾರದಿದ್ದರೆ ಮಾತ್ರ ತೀರ್ಥಹಳ್ಳಿ ಪೇಟೆಗೆ ಕಾಯಿಲ್ ಕೇಳಲು ಹೋಗುವುದು. ಈ ವರ್ಷ ಯಂತ್ರವನ್ನು ಅಟ್ಟಕ್ಕೆ ಹಾಕಿಲ್ಲ, ಒಲೆಯ ಬಿಸಿ ತಾಗುವ ಗೋಡೆಯ ಹೊರಮಗ್ಗುಲಿಗೆ, ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಇಲಿ ಹತ್ತದಂತೆ ತಂತಿಯಲ್ಲಿ ತೂಗುಹಾಕಿದ್ದೇನೆ.